ಕೊಂಬಣ್ಣನ ಊರಿನ ಇನ್ನೂರ ಹದಿಮೂರನೇ ತೂತು

ಗೋಡೆ ಮೇಡಂಗೆ ಆ ಹೆಸರು ಬಂದದ್ದು ಗೋಡೆ ಕಟ್ಟಿದ್ದಕ್ಕಲ್ಲ, ಗೋಡೆಗೆ ಗುದ್ದಿದ್ದಕ್ಕೆ. ಒಂದೆರಡು ಸಲವಲ್ಲ, ಹದಿಮೂರು ವರ್ಷ, ವಾರಕ್ಕೆ ಆರು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ, ಊಟದ ಅರ್ಧ ಗಂಟೆ ಬಿಟ್ಟರೆ ಬರೀ ಗುದ್ದುವುದೇ ಕೆಲಸ. ಸಂಬಳ ಕೊಟ್ಟು ಗುದ್ದಿಸುತ್ತಿದ್ದರು!

ಗುದ್ದುತ್ತಿದ್ದದ್ದು ಅವರ ಸ್ವಂತ ತಲೆಯಲ್ಲ, ಒಂದು ಮೇಕೆಯ ತಲೆ. ಊರಿನ ಅತಿ ದೊಡ್ಡ ವಿಡಿಯೋ ಗೇಮ್ ಕಂಪನಿ ಮಾಡುವ ಗೇಮಿನ ಹೆಸರು 'ಕೊಂಬಣ್ಣ'. ಅದರಲ್ಲಿ ಕೊಂಬಣ್ಣ ಎನ್ನುವ ಮೇಕೆ ಪುಟ್ಟ ಪೇಟೆಯೊಂದರ ಮನೆಗಳ ಮೇಲೆಲ್ಲಾ ಹತ್ತಿ, ಹಾರಿ, ಕಳೆದುಹೋದ ಕುತ್ತಿಗೆ ಗಂಟೆಗಳನ್ನು ಹುಡುಕುತ್ತದೆ. ಅಷ್ಟೇ ಕಥೆ. ಆ ಗೇಮು ಅಂಗಡಿಗೆ ಹೋಗುವ ಮೊದಲು ಯಾರಾದರೂ ಒಬ್ಬರು ಕೂತು, ಪೇಟೆಯ ಒಂದೊಂದು ಗೋಡೆಗೂ ಮೇಕೆಯನ್ನು ನಡೆಸಿ, ಅದು ನಿಜವಾಗಿ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕು. ಏಕೆಂದರೆ ಗೇಮಿನ ಗೋಡೆ ನೋಡುವುದಕ್ಕೆ ಮಾತ್ರ ಗೋಡೆ. ಮಾಡಿದವರ ಕೈ ಎಲ್ಲಾದರೂ ಒಂದು ಕೂದಲೆಳೆಯಷ್ಟು ತಪ್ಪಿದ್ದರೆ ಸಾಕು, ಮೇಕೆ ಸೀದಾ ಗೋಡೆಯೊಳಗೆ ನುಗ್ಗಿ ಪೇಟೆಯ ಬುಡಕ್ಕೆ ಬಿದ್ದು ನಾಪತ್ತೆಯಾಗುತ್ತದೆ. ಇಂಥ ಜಾಗಗಳಿಗೆ ಕಂಪನಿಯ ಕಾಗದಪತ್ರಗಳಲ್ಲಿ ಉದ್ದುದ್ದ ಹೆಸರುಗಳಿದ್ದವು. ಮೇಡಂ ಮಾತ್ರ 'ತೂತು' ಎನ್ನುತ್ತಿದ್ದರು. ಸಿಕ್ಕಿದ ಪ್ರತಿ ತೂತಿಗೂ ಒಂದು ನಂಬರು ಕೊಟ್ಟು, ತಮ್ಮದೇ ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಪೆನ್ಸಿಲ್‌ನಿಂದ ನಕ್ಷೆ ಬಿಡಿಸಿ ಇಡುತ್ತಿದ್ದರು. ಒಟ್ಟು ಇನ್ನೂರ ಹನ್ನೆರಡು ತೂತು.

ಈಗ ಅವರು ಆ ಕಂಪನಿಯಲ್ಲಿಲ್ಲ. ಬಿಟ್ಟು ಒಂಬತ್ತು ವರ್ಷವಾಯಿತು. ಈಗ ಜಿಪ್ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿರುತ್ತಾರೆ. ಎಡಗಡೆ ಒಂದು ಬುಟ್ಟಿ, ಬಲಗಡೆ ಒಂದು ಬುಟ್ಟಿ, ಕಾಲ ಹತ್ತಿರ ಒಂದು ಕಸದ ಡಬ್ಬ. ಎಡಗಡೆಯಿಂದ ಒಂದು ಜಿಪ್ಪು ತೆಗೆದು ಸರ್ರ್ ಸರ್ರ್ ಅಂತ ಇಪ್ಪತ್ತು ಸಲ ಎಳೆಯುವುದು, ಸಿಕ್ಕಿಕೊಳ್ಳದಿದ್ದರೆ ಬಲಗಡೆಗೆ, ಸಿಕ್ಕಿಕೊಂಡರೆ ಡಬ್ಬಕ್ಕೆ. ಹಳೆಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಎಳೆಯುವ ಕೈ ನಿಲ್ಲಿಸದೆ ಹೇಳುತ್ತಾರೆ, "ಇಲ್ಲಿ ಜಿಪ್ ಕೆಟ್ರೆ ಜಿಪ್ ಕೆಟ್ಟಿದೆ ಅಂತಾರೆ. ಅಲ್ಲಿ ಕೆಟ್ರೆ, ಅದು ನಮ್ಮ ಕಲ್ಪನೆ ಅಂತಾರೆ. ಅಷ್ಟೇ ವ್ಯತ್ಯಾಸ."

ಅವರು ಕೆಲಸ ಬಿಟ್ಟದ್ದಕ್ಕೆ ಮನೆಯಲ್ಲಿ ಎರಡು ಕಥೆಗಳಿವೆ. ಮೊದಲನೆಯದು ಅವರದೇ. ಪೇಟೆಯ ಗಡಿಯಾರ ಗೋಪುರದ ಹಿಂದಿನ ಗೋಡೆಯಲ್ಲಿ ಒಂದು ತೂತಿತ್ತು, ನಲವತ್ತೊಂದನೇ ನಂಬರು. ಕೊಂಬಣ್ಣ ಮೂರರಲ್ಲಿ ಅದನ್ನು ಹಿಡಿದು ವರದಿ ಬರೆದರು. 'ಸರಿಪಡಿಸುವ ಅಗತ್ಯವಿಲ್ಲ' ಎಂದು ಉತ್ತರ ಬಂತು. ಕೊಂಬಣ್ಣ ನಾಲ್ಕರಲ್ಲಿ ಅದೇ ಪೇಟೆ, ಅದೇ ಗೋಪುರ, ಬಣ್ಣ ಮಾತ್ರ ಬೇರೆ, ತೂತು ಅದೇ. ಬರೆದರು, ಅಗತ್ಯವಿಲ್ಲ ಎಂದು ಬಂತು. ಐದರಲ್ಲೂ ಹಾಗೆಯೇ. ಆರರಲ್ಲೂ ಅದೇ ಬಂದಾಗ ಕತ್ತಿನ ಗುರುತಿನ ಚೀಟಿ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟು, "ನನ್ನ ಅಗತ್ಯಾನೂ ಇಲ್ಲ ಹಾಗಾದ್ರೆ" ಎಂದು ಇಳಿದು ಬಂದರು.

ಎರಡನೆಯ ಕಥೆ ಭಾವನದು, ಅಂದರೆ ಅಕ್ಕನ ಗಂಡನದು. "ಅದೆಲ್ಲಾ ಬುರುಡೆ. ಟೀಮ್ ಲೀಡರ್ ಕುರ್ಚಿ ಬೇರೆಯವರಿಗೆ ಹೋಯ್ತು, ಇವಳಿಗೆ ಮೂಗಿನ ತುದೀಲಿ ಕೋಪ, ಎದ್ದು ಬಂದ್ಳು. ಯಾರಾದ್ರೂ ತೂತಿಗೆ ಕೆಲಸ ಬಿಡ್ತಾರೇನ್ರೀ?"

ಭಾವ ಈ ಕಥೆಯನ್ನು ಒಂಬತ್ತು ವರ್ಷಗಳಿಂದ ಹೇಳುತ್ತಿದ್ದಾರೆ, ಅದೂ ಎಲ್ಲಿ? ತಮ್ಮ ಗೇಮ್ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ, ನಗುನಗುತ್ತಾ. ಆ ಅಂಗಡಿ ನಿಂತಿರುವುದೇ ಕೊಂಬಣ್ಣನ ನಾಲ್ಕು ಕಾಲಿನ ಮೇಲೆ. ಬಾಗಿಲಲ್ಲಿ ಏಳಡಿ ಎತ್ತರದ ರಟ್ಟಿನ ಮೇಕೆ, ಒಳಗೆ ಗಾಜಿನ ಕಪಾಟಿನಲ್ಲಿ ಮೇಕೆಯ ಚಿತ್ರವಿರುವ ಲೋಟ, ಮೇಕೆಯ ಚೀಲ, ಎರಡು ಕೊಂಬಿರುವ ಉಣ್ಣೆ ಟೋಪಿ, ಗೋಡೆಗೆ ಒಂದು ದೊಡ್ಡ ಟಿವಿ, ಅದರ ಮುಂದೆ ಬಂದವರು ಆಡಿ ನೋಡಲು ಎರಡು ಪ್ಲಾಸ್ಟಿಕ್ ಸ್ಟೂಲು. ಮೇಡಂ ಆ ರಸ್ತೆಯಲ್ಲಿ ಹೋಗುವಾಗ ಎದುರುಗಡೆಯ ಹಾಸಿಗೆ ಅಂಗಡಿಯ ಕಡೆ ಮುಖ ತಿರುಗಿಸಿಕೊಂಡು ನಡೆಯುತ್ತಾರೆ. ಒಂಬತ್ತು ವರ್ಷ ಹಾಸಿಗೆಗಳನ್ನೇ ನೋಡಿದ್ದಾರೆ ಪಾಪ.

ಕೊಂಬಣ್ಣ ಹನ್ನೊಂದು ಬಿಡುಗಡೆಯಾಗುವುದಕ್ಕೆ ಮೂರು ದಿನ ಮೊದಲು, ಅಕ್ಕನ ಮನೆಯ ಊಟದ ಮೇಜಿನಲ್ಲಿ ಮಾತು ಹತ್ತಿಕೊಂಡಿತು.

"ಮುಂಗಡ ಬುಕಿಂಗಲ್ಲೇ ಮೊದಲ ಕಂತಿನ ಗೇಮ್ ಡಬ್ಬಿ ಎಲ್ಲಾ ಖಾಲಿ," ಎಂದರು ಭಾವ, ತಟ್ಟೆಗಿಂತ ಮೊದಲು ಫೋನ್ ಮುಂದಿಟ್ಟುಕೊಂಡು. "ಕಂಪನಿಗೆ ಈಗ ಹದಿನಾಲ್ಕು ಮಹಡಿ ಕಟ್ಟಡ, ಗೊತ್ತಾ? ಹದಿನಾಲ್ಕು!"

"ಮಹಡಿ ಜಾಸ್ತಿ ಆಯ್ತು. ಮೇಕೆ ಒಂದೇ," ಎಂದರು ಮೇಡಂ.

"ಲಕ್ಷಗಟ್ಟಲೆ ಜನ ತಗೋತಾರಮ್ಮ. ಅವರೆಲ್ಲಾ ದಡ್ಡರಾ?"

"ನೆಗಡೀನೂ ಲಕ್ಷಗಟ್ಟಲೆ ಜನಕ್ಕೆ ಬರುತ್ತೆ ಭಾವ. ಯಾರೂ ಅದಕ್ಕೆ ಹಾರ ಹಾಕಲ್ಲ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಎರಡೂ ಕಡೆಯವರ ಮಾತನ್ನು ಒಂದೇ ಮುಖಭಾವದಲ್ಲಿ ಕೇಳಿಸಿಕೊಳ್ಳುವುದು ಅವಳ ಕಸುಬು, ಆದರೆ ಮನೆಯಲ್ಲಿ ಆ ಮುಖಭಾವ ಆಗಾಗ ಜಾರಿ ಬೀಳುತ್ತದೆ.

ಭಾವ ಬಿಡುವವರಲ್ಲ. "ಜನಕ್ಕೆ ಗೊತ್ತಿರೋದೇ ಬೇಕು ಕಣಮ್ಮ. ನೀನು ದಿನಾ ಅದೇ ಚಹಾ ಕುಡಿಯಲ್ವಾ?"

"ಕುಡಿತೀನಿ. ಆದ್ರೆ ಚಹಾ ಮಾಡೋನು ಲೋಟದ ಮೇಲೆ 'ಚಹಾ ಹನ್ನೊಂದು, ಕಲ್ಪನೆಯ ಶಿಖರ' ಅಂತ ಬರೆಯಲ್ಲ."

"ಹೊಸದು ಮಾಡಿದ್ರಲ್ಲ ಒಂದ್ಸಲ! ದೀಪ ಹಚ್ಚೋ ಮುದುಕಿ ಗೇಮು! ಏನಾಯ್ತು? ನನ್ನ ಅಂಗಡೀಲಿ ಮೂರು ಹೋಯ್ತು. ಒಂದು ನೀನು ತಗೊಂಡೆ, ಒಂದು ನಿಮ್ಮಕ್ಕನ ಕೈಲಿ ತಗೊಳಿಸಿದೆ, ಮೂರನೆಯವನು ಮಾರನೇ ದಿನ ವಾಪಸ್ ತಂದ."

ಇದು ಮೇಡಂಗೆ ತಾಗಿತು. ದೀಪದ ಮುದುಕಿ ಎಂದರೆ ಅವರಿಗೆ ಪ್ರಾಣ. ಆ ಕಂಪನಿ ಹುಟ್ಟಿದಾಗಿನಿಂದ ಮನಸ್ಸಿಟ್ಟು ಮಾಡಿದ ಗೇಮುಗಳು ಅವರ ಲೆಕ್ಕದಲ್ಲಿ ಮೂರೇ. ಕೊಂಬಣ್ಣ ಒಂದು, ಕೊಂಬಣ್ಣ ಎರಡು ಮತ್ತು ಆ ಮುದುಕಿ. ಮುದುಕಿಯ ಇಡೀ ಊರಿನಲ್ಲಿ ಆರೇ ಆರು ತೂತಿದ್ದವು, ಬರೆದುಕೊಟ್ಟ ವಾರದಲ್ಲಿ ಆರನ್ನೂ ಮುಚ್ಚಿದ್ದರು. ಅದು ಮಾರಾಟವಾಗಲಿಲ್ಲ, ಮಾಡಿದವರನ್ನೆಲ್ಲಾ ಮೇಕೆಗೆ ಅಂಗಿ ಹೊಲಿಯಲು ಹಾಕಿದರು.

"ಮುದುಕಿ ಸೋತಿದ್ದಕ್ಕೆ ಮೇಕೆ ದೊಡ್ಡದಾಗಲ್ಲ," ಎಂದರು ಮೇಡಂ. "ನಾನು ಬಿಟ್ಟ ಮೇಲೆ, ಈ ಒಂಬತ್ತು ವರ್ಷದಲ್ಲಿ, ಆ ಕಂಪನಿ ಒಂದೇ ಒಂದು ಹೊಸದು ಮಾಡಿಲ್ಲ. ಬರೆದು ಕೊಡ್ತೀನಿ ಬೇಕಾದ್ರೆ."

"ಆಡಿ ನೋಡಿದ್ಯಾ? ಏಳು, ಎಂಟು, ಒಂಬತ್ತು, ಹತ್ತು, ಒಂದನ್ನಾದ್ರೂ ಮುಟ್ಟಿದ್ಯಾ?"

"ಹಳಸಿದೆ ಅಂತ ಹೇಳೋಕೆ ತಟ್ಟೆ ಖಾಲಿ ಮಾಡ್ಬೇಕಾ?"

"ಹಾಗಾದ್ರೆ ಭಾನುವಾರ ಬಾ!" ಭಾವ ಮೇಜು ಕುಟ್ಟಿದರು, ನೀರಿನ ಲೋಟ ನಡುಗಿತು. "ಹನ್ನೊಂದು ಗಂಟೆಗೆ ಬಿಡುಗಡೆ. ಎಲ್ಲರ ಮುಂದೆ ಆಡು. ಒಂದೇ ಒಂದು ಹೊಸದು ಸಿಕ್ಕಿದ್ರೆ, ನಾಲ್ಕು ಭಾನುವಾರ ಆ ಕೊಂಬಿನ ಟೋಪಿ ಹಾಕ್ಕೊಂಡು ನನ್ನ ಕೌಂಟರ್ ಹಿಂದೆ ನಿಂತ್ಕೋಬೇಕು. ಕುರ್ಚಿ ಸಿಗ್ಲಿಲ್ಲ ಅಂತ ಕೆಲಸ ಬಿಟ್ಟೆ ಅಂತ ಒಪ್ಕೋಬೇಕು."

"ಸಿಗದೇ ಇದ್ರೆ?"

"ಸಿಗದೇ ಇದ್ರೆ ಬಾಗಿಲ ಮೇಕೆ ತೆಗೆದು ರದ್ದಿಗೆ ಹಾಕ್ತೀನಿ. ಕುರ್ಚಿ ಕಥೆ ಜನ್ಮದಲ್ಲಿ ಎತ್ತಲ್ಲ."

"ಅಕ್ಕಾ, ಟೈಪ್ ಮಾಡೇ," ಎಂದರು ಮೇಡಂ.

ಅಕ್ಕ ಟೈಪ್ ಮಾಡಿಯೇಬಿಟ್ಟಳು. ಎರಡು ಪ್ರತಿ, ಕೆಳಗೆ ಇಬ್ಬರ ಸಹಿ. ಟೋಪಿ, ಕೌಂಟರು, ಮೇಕೆ, ಎಲ್ಲಾ ಮೇಲ್ಮೇಲಿನ ಮಾತು. ಮೇಡಂಗೆ ಬೇಕಾದದ್ದು ಆ ಕೊನೆಯ ಸಾಲು. ಹದಿಮೂರು ವರ್ಷ ಮಾಡಿದ ಕೆಲಸವನ್ನು ಒಂದು ಕುರ್ಚಿಯ ಹೊಟ್ಟೆಕಿಚ್ಚಿಗೆ ಬಿಟ್ಟವಳು ಎಂದು ಊರಿಗೆ ಊರೇ ನಗುವುದನ್ನು ಅವರು ಹಾಸಿಗೆ ಅಂಗಡಿ ನೋಡಿಕೊಂಡು ಸಹಿಸಿದ್ದೇ ಸಾಕಾಗಿತ್ತು.

ಭಾನುವಾರ ಹತ್ತೂಮುಕ್ಕಾಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಟ್ಯೂಬ್‌ಲೈಟು, ಸಾಲಿನಲ್ಲಿ ಮೂವತ್ತು ನಲವತ್ತು ಜನ. ಎಲ್ಲರಿಗಿಂತ ಮುಂದೆ ಹಲ್ಲಿನ ಡಾಕ್ಟರು, ಐವತ್ತು ದಾಟಿದ ಮನುಷ್ಯ, ಅಂಗಿಯ ಮೇಲೆ ಮೇಕೆಯ ಬಿಲ್ಲೆ. ಅವರ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡವರಿಗೆಲ್ಲಾ ಕೊಂಬಣ್ಣನ ಸ್ಟಿಕ್ಕರು ಉಚಿತ.

ಮೇಡಂ ಬಂದರು, ಕಾರ್ಖಾನೆಯ ಜಿಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು. ಜಿಪ್ ಎಳೆದು ಉದ್ದನೆಯ ನೋಟ್‌ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ಟೂಲಿನ ಮೇಲೆ ಕೂತು ಕಂಟ್ರೋಲರ್ ಕೈಗೆತ್ತಿಕೊಂಡಾಗ ಅವರ ಹೆಬ್ಬೆರಳುಗಳು ಒಂಬತ್ತು ವರ್ಷದ ಹಿಂದಿನ ಜಾಗಕ್ಕೆ ತಾವಾಗಿಯೇ ಹೋಗಿ ಕೂತವು. ಅದು ಅವರಿಗೇ ಇಷ್ಟವಾಗಲಿಲ್ಲ.

ಟಿವಿಯಲ್ಲಿ ಪೇಟೆ ಬೆಳಗಿತು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು! ಕಲ್ಲಿನ ಮೇಲೆ ಬಿಸಿಲು, ಒಣಗಲು ಹಾಕಿದ ಬಟ್ಟೆ ಗಾಳಿಗೆ ಆಡುವುದು, ಮೇಕೆಯ ಮೈಮೇಲೆ ಒಂದೊಂದು ಕೂದಲೂ ಬೇರೆ ಬೇರೆ. ಸಾಲಿನಲ್ಲಿದ್ದವರು "ಆಹಾ" ಎಂದರು. ಹಲ್ಲಿನ ಡಾಕ್ಟರು ಬಿಲ್ಲೆ ಮುಟ್ಟಿಕೊಂಡರು.

"ನೋಡಿ, ಹೇಗಿದೆ!" ಎಂದರು ಭಾವ.

"ಪೌಡರ್ ಚೆನ್ನಾಗಿ ಬಳಿದಿದ್ದಾರೆ," ಎಂದು ಮೇಡಂ ಮೇಕೆಯನ್ನು ಸೀದಾ ಕ್ಷೌರದ ಅಂಗಡಿಯ ಕಡೆ ಓಡಿಸಿದರು. "ನಂಬರ್ ಏಳು. ಬಾಗಿಲ ಬಲಗಡೆ ಚೌಕಟ್ಟು. ಎಡಗೊಂಬು ಒಳಗೆ ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ, ನೋಡ್ತಾ ಇರಿ."

ಮೇಕೆ ಬಾಗಿಲಿಗೆ ಹೋಯಿತು. ಎಡಗೊಂಬು ಮರದೊಳಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಒಂದೊಂದು ಕೂದಲೂ ಬೇರೆಬೇರೆಯಾಗಿದ್ದ ಆ ಮೇಕೆ ಚೌಕಟ್ಟಿಗೆ ನೇತುಬಿದ್ದ ಒದ್ದೆ ಟವೆಲಿನಂತೆ ಅಲ್ಲಾಡಿತು. ಅಂಗಡಿ ತುಂಬಾ ನಗು.

"ಒಂದು ಸಣ್ಣ ತಪ್ಪು..." ಎಂದರು ಭಾವ.

"ನಂಬರ್ ಹತ್ತೊಂಬತ್ತು. ಶಾಲೆ ಮೆಟ್ಟಿಲು, ಆರನೇದು. ಕಾಲಿಟ್ರೆ ಮೊಣಕಾಲ ತನಕ ಹೂತು ಹೋಗುತ್ತೆ."

ಹೂತು ಹೋಯಿತು.

"ನಂಬರ್ ಮೂವತ್ಮೂರು. ಮೂರನೇ ಹೊಗೆಗೂಡು. ಅದರ ಮೇಲೆ ನಿಂತ್ರೆ ಮೇಕೆಗೆ ನೆರಳು ಇರಲ್ಲ."

ಇರಲಿಲ್ಲ! ಈಗ ಜನ ಮೇಡಂ ಕಡೆ ವಾಲಿದರು. ನಂಬರು ಹೇಳುವ ಮೊದಲೇ "ಹ್ಞಾಂ, ಹ್ಞಾಂ, ಮುಂದೆ?" ಎನ್ನತೊಡಗಿದರು. ಹಿಂದೆ ನಿಂತಿದ್ದವರು ಸಾಲು ಮುರಿದು ಟಿವಿಯ ಹತ್ತಿರ ಬಂದರು. ಅಕ್ಕ ಕೌಂಟರಿನ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ, ಬೆರಳು ಮಾತ್ರ ಖುಷಿಯಾಗಿ ಓಡುತ್ತಿತ್ತು. ಮೇಡಂ ಪುಸ್ತಕ ತೆರೆಯಲೇ ಇಲ್ಲ. ಇಪ್ಪತ್ತಾರು ತೂತುಗಳನ್ನು ಬಾಯಿಪಾಠ ತೋರಿಸಿದರು.

"ಡಾಕ್ಟ್ರೇ, ಒಂದು ಪ್ರಶ್ನೆ," ಎಂದರು ತಿರುಗಿ. "ನಿಮ್ಮ ಹತ್ರ ಒಬ್ಬರು ಹನ್ನೊಂದು ಸಲ ಬಂದಾಗ, ಹನ್ನೊಂದು ಸಲಾನೂ ನೀವು ಅದೇ ಹುಳುಕು ಹಲ್ಲಿಗೆ ಬಿಳಿ ಬಣ್ಣ ಬಳಿದು ಕಳಿಸಿದ್ರೆ, ಅದು ನಿಮ್ಮ ಸಾಧನೆನಾ?"

"ಗಿರಾಕಿ ಬರ್ತಾನೇ ಇದ್ದಾನಲ್ಲ ಮೇಡಂ," ಎಂದರು ಡಾಕ್ಟರು ಸಣ್ಣಗೆ. ಹಾಗೆಂದದ್ದು ತಮಗೇ ಕೇಳಿಸಿ, ಕೆಂಪಾದರು.

ಆಗ ಭಾವ ತಮ್ಮ ತುರುಪು ತೆಗೆದರು. ಡಬ್ಬಿಯನ್ನೇ ಎತ್ತಿ ಎಲ್ಲರಿಗೂ ತೋರಿಸಿದರು. ಮೇಕೆಯ ಚಿತ್ರದ ಕೆಳಗೆ ಬಂಗಾರದ ಅಕ್ಷರದಲ್ಲಿ 'ಬುಡಲೋಕ' ಎಂದಿತ್ತು. "ಇದೇನು ಹೇಳು ಹಾಗಾದ್ರೆ. ಇಡೀ ಪೇಟೆಯ ಕೆಳಗೆ ಇನ್ನೊಂದು ಲೋಕ! ಮೇಕೆ ಗೋಡೆಯೊಳಗಿಂದ ಬೀಳುತ್ತೆ, ಕೆಳಗಿಂದ ನೋಡಿದ್ರೆ ಮನೆಗಳಿಗೆ ನೆಲವೇ ಇಲ್ಲ, ಎಲ್ಲಾ ಟೊಳ್ಳು! ಎಂಥಾ ಐಡಿಯಾ! ಪೇಪರಿನವರು ಇದಕ್ಕೇ ಐದು ಸ್ಟಾರ್ ಕೊಟ್ಟಿದ್ದಾರೆ. ಇದು ನಿನ್ನ ಕಾಲದಲ್ಲಿ ಇತ್ತಾ?"

ಮೇಡಂ ಕೈ ನಿಂತಿತು. "ಎಲ್ಲಿಂದ ಬೀಳುತ್ತೆ?"

"ಗಡಿಯಾರ ಗೋಪುರದ ಹಿಂದೆ."

ಮೇಡಂ ನೋಟ್‌ಪುಸ್ತಕ ತೆರೆದು, ಪುಟ ತಿರುಗಿಸಿ, ಪೆನ್ಸಿಲ್ ನಕ್ಷೆಯನ್ನು ಡಾಕ್ಟರ ಕೈಗೆ ಕೊಟ್ಟರು. ಗೋಪುರ, ಹಿಂದಿನ ಗೋಡೆ, ಬಾಣದ ಗುರುತು, ಕೆಳಗೆ ಅವರದೇ ಅಕ್ಷರ. ಡಾಕ್ಟರು ಗಟ್ಟಿಯಾಗಿ ಓದಿದರು. "ನಲವತ್ತೊಂದು. ಮೇಕೆ ಗೋಡೆಯೊಳಗೆ ಹೋಗಿ ಪೇಟೆಯ ಬುಡಕ್ಕೆ ಬೀಳುತ್ತದೆ. ಅಲ್ಲಿಂದ ನೋಡಿದರೆ ಮನೆಗಳಿಗೆ ನೆಲವಿಲ್ಲ, ಎಲ್ಲಾ ಟೊಳ್ಳು. ದಯವಿಟ್ಟು ಮುಚ್ಚಿ. ದಯವಿಟ್ಟು ಮುಚ್ಚಿ. ದಯವಿಟ್ಟು ಮುಚ್ಚಿ. ದಯವಿಟ್ಟು ಮುಚ್ಚಿ." ತಲೆ ಎತ್ತಿದರು. "ನಾಲ್ಕು ಸಲ ಬರೆದಿದೆ."

"ನಾಲ್ಕು ಗೇಮು," ಎಂದರು ಮೇಡಂ. "ಅಗತ್ಯವಿಲ್ಲ ಅಂದಿದ್ರು. ಈಗ ಅದಕ್ಕೇ ಲೈಟ್ ಹಾಕಿ, ಮ್ಯೂಸಿಕ್ ಹಾಕಿ, ಬಂಗಾರದ ಅಕ್ಷರದಲ್ಲಿ ಹೆಸರಿಟ್ಟು ಮಾರ್ತಾ ಇದ್ದಾರೆ. ಮನೆ ಸೋರೋದನ್ನ ಸರಿ ಮಾಡೋಕಾಗದೆ ಜಲಪಾತ ಅಂತ ಬೋರ್ಡು ಹಾಕಿದ ಹಾಗೆ."

ಅಂಗಡಿಯಲ್ಲಿ ನಗು ಸಿಡಿಯಿತು! ಜನ ಚಪ್ಪಾಳೆ ಹೊಡೆದರು, ಯಾರೋ ಸೀಟಿ ಹಾಕಿದರು. ಡಾಕ್ಟರು ಮಾತ್ರ ಬೇರೆ ದಾರಿ ಹಿಡಿದರು. ಅವರ ಕಣ್ಣು ಹೊಳೆಯುತ್ತಿತ್ತು. "ಅಂದ್ರೆ ಬುಡಲೋಕ ನಿಮ್ಮದು ಮೇಡಂ! ಕಂಪನೀದಲ್ಲ, ನಿಮ್ಮ ಸೃಷ್ಟಿ!"

ಭಾವ ಅದನ್ನು ಗಾಳಿಯಲ್ಲೇ ಹಿಡಿದುಕೊಂಡರು. ವ್ಯಾಪಾರಿ ಅಲ್ಲವೇ. "ಹೌದಲ್ಲ! ಒಪ್ಕೋ. ನೀನೇ ಮಾಡಿದ್ದು ಅಂತ ಹೇಳು, ಈಗಲೇ ನಿನ್ನ ಫೋಟೋ ಬಾಗಿಲಿಗೆ ಹಾಕ್ತೀನಿ, ಮೇಕೆ ಪಕ್ಕದಲ್ಲಿ. ಹೊಸದು ಹುಟ್ಟಿತು, ಹುಟ್ಟಿಸಿದ್ದು ಕಂಪನಿಯ ಕೆಲಸದವಳೇ. ನೀನು ಗೆದ್ದ ಹಾಗೂ ಆಯ್ತು, ನಾನು ಗೆದ್ದ ಹಾಗೂ ಆಯ್ತು."

ಎಲ್ಲರೂ ಮೇಡಂ ಮುಖ ನೋಡಿದರು. ಹದಿಮೂರು ವರ್ಷದಲ್ಲಿ ಆ ಹದಿನಾಲ್ಕು ಮಹಡಿಯವರು ಒಂದು ಸಲ ಕೂಡ ಹೇಳದ ಮಾತು ಅದು, ನಿಮ್ಮದು, ನಿಮ್ಮ ಸೃಷ್ಟಿ ಎಂದು. ಮೇಡಂ ಮೂಗು ಮುರಿದರು.

"ಇಲಿ ಹಿಡಿದವಳನ್ನ ಇಲಿಯ ತಾಯಿ ಅಂತೀರಾ? ನಾನು ತೂತು ಹಿಡಿದೆ ಭಾವ, ಹೆರಲಿಲ್ಲ. ಇದು ಯಾರ ಸೃಷ್ಟಿನೂ ಅಲ್ಲ, ಯಾರೋ ಒಬ್ಬ ಮಂಗಳವಾರ ಮಧ್ಯಾಹ್ನ ತೂಕಡಿಸಿದ್ದು. ಹೊಸದೂ ಅಲ್ಲ. ಅಕ್ಕಾ, ಬರ್ಕೋ."

ಅಕ್ಕ ಬರೆದುಕೊಂಡಳು. ಭಾವನ ಮುಖ ಇಳಿದುಹೋಯಿತು. ಬಾಗಿಲ ರಟ್ಟಿನ ಮೇಕೆಯನ್ನು ಒಮ್ಮೆ ನೋಡಿ, "ಸರಿ ಬಿಡು. ಸೋತೆ. ಏನೇ, ಬರೆದು ಮುಗಿಸು," ಎಂದರು ಹೆಂಡತಿಗೆ.

ಅಲ್ಲಿಗೆ ಮುಗಿಯಬೇಕಿತ್ತು. ಕಂಟ್ರೋಲರ್ ಕೆಳಗಿಟ್ಟು ಏಳಬೇಕಿತ್ತು ಅಷ್ಟೇ. ಆದರೆ ಮೇಡಂಗೆ ಹದಿಮೂರು ವರ್ಷದ ಒಂದು ಅಭ್ಯಾಸ. ಯಾವ ಜಾಗಕ್ಕೆ ಹೋದರೂ ನಾಲ್ಕೂ ಗೋಡೆ ಮುಟ್ಟದೆ ಹೊರಗೆ ಬರುವುದಿಲ್ಲ. ಜಿಪ್ ಕಾರ್ಖಾನೆಯ ಲಿಫ್ಟಿನಲ್ಲೂ ಮೊಣಕೈಯಿಂದ ನಾಲ್ಕು ಕಡೆ ತಟ್ಟಿ ನೋಡುತ್ತಾರೆ, ಜೊತೆಯವರು ನಗುತ್ತಾರೆ. ಈಗಲೂ ಬಾಯಿ ಜಗಳದಲ್ಲಿದ್ದರೆ ಕೈ ತನ್ನ ಪಾಡಿಗೆ ಮೇಕೆಯನ್ನು ಬುಡಲೋಕಕ್ಕೆ ಇಳಿಸಿ, ಮೊದಲ ಗೋಡೆಗೆ ಗುದ್ದಿಸಿತ್ತು. ಎರಡನೆಯದಕ್ಕೆ ಗುದ್ದಿಸಿತ್ತು. ಮೂರನೆಯದು ಗಟ್ಟಿ. ನಾಲ್ಕನೆಯದಕ್ಕೆ ಗುದ್ದಿಸಿದಾಗ ಮೇಕೆ ಮಾಯವಾಯಿತು.

ಟಿವಿ ಇಡೀ ಬಿಳಿ. ಪೇಟೆಯಿಲ್ಲ, ಆಕಾಶವಿಲ್ಲ, ನೆಲವಿಲ್ಲ. ಆ ಬಿಳಿಯ ನಡುವೆ ಒಂದು ಪುಟ್ಟ ಮೇಕೆ, ಏನೂ ಇಲ್ಲದ್ದರ ಮೇಲೆ ನಿಂತಿತ್ತು. ಮೇಡಂ ಒಂದು ಹೆಜ್ಜೆ ನಡೆಸಿದರು. ಗೊರಸು ಟಕ್ ಎಂದಿತು, ಬೇರೆ ಯಾವ ಸದ್ದೂ ಇಲ್ಲ. ಇನ್ನೊಂದು ಹೆಜ್ಜೆ, ಟಕ್. ಎಲ್ಲಿಂದಲೋ ಬಹಳ ದೂರದಿಂದ ಒಂದು ಗಂಟೆ ತಾನಾಗಿ ಬಾರಿಸಿತು.

ಹಿಂದಿದ್ದವರು ತುದಿಗಾಲಲ್ಲಿ ನಿಂತು ಇಣುಕಿದರು.

"ಹ್ಯಾಂಗ್ ಆಯ್ತು," ಎಂದರು ಭಾವ ಗಾಬರಿಯಿಂದ. "ಆಫ್ ಮಾಡಿ ಆನ್ ಮಾಡು. ಇದೂ ನಿನ್ನ ಹಳೇ ಪುಸ್ತಕದ್ದೇ ಇರುತ್ತೆ ಬಿಡು, ಹೇಗೂ ನಾನು ಸೋತಾಯ್ತಲ್ಲ."

ಮೇಡಂ ಪುಸ್ತಕವನ್ನು ಡಾಕ್ಟರ ಕೈಯಿಂದ ವಾಪಸ್ ತೆಗೆದುಕೊಂಡರು. ಅದರಲ್ಲಿ ಇದಿಲ್ಲ ಎಂದು ಅವರಿಗೆ ಪುಟ ತೆರೆಯದೆಯೂ ಗೊತ್ತಿತ್ತು. ಬೀಳುವ ತೂತು ಗೊತ್ತು, ಸಿಕ್ಕಿಹಾಕಿಕೊಳ್ಳುವ ತೂತು ಗೊತ್ತು, ನೆರಳು ನುಂಗುವ ತೂತು ಗೊತ್ತು. ಮೇಕೆಯನ್ನು ಬೀಳಿಸದೆ ನಿಲ್ಲಿಸಿಕೊಳ್ಳುವ ತೂತು ಒಂದೂ ಇರಲಿಲ್ಲ. ಆದರೂ ಮೊದಲ ಪುಟದಿಂದ ಕೊನೆಯ ತನಕ ಬೆರಳಾಡಿಸಿ ನೋಡಿದರು. ಅದು ಹೊಸದೋ ಹಳೆಯದೋ ಎಂದು ಹೇಳಬಲ್ಲವರು ಇಡೀ ಊರಿಗೆ ಅವರೊಬ್ಬರೇ. ಸೋತೆ ಎಂದು ಭಾವ ಬಾಯಿಬಿಟ್ಟು ಹೇಳಿಯಾಗಿತ್ತು. ಕುರ್ಚಿ ಕಥೆ ಸತ್ತಿತ್ತು. ಪುಸ್ತಕ ಮುಚ್ಚಿ 'ಹೂಂ' ಎಂದರೆ ಸಾಕು, ಬಾಗಿಲ ಮೇಕೆ ಮಧ್ಯಾಹ್ನದೊಳಗೆ ರದ್ದಿಯಂಗಡಿಗೆ.

ಇನ್ನೂರ ಹನ್ನೆರಡರ ಕೆಳಗೆ ಒಂದು ಗೆರೆ ಖಾಲಿಯಿತ್ತು.

"ಅಕ್ಕಾ," ಎಂದರು ಮೇಡಂ, ಬಾಯಿಯಲ್ಲಿ ಕಹಿ ಮಾತ್ರೆ ಇಟ್ಟುಕೊಂಡವರಂತೆ, "ಬರ್ಕೋ. ಇದು ಹೊಸದು."

"ಏನಂದೆ?" ಎಂದರು ಭಾವ.

"ಹೊಸದು ಅಂದೆ. ಪುಸ್ತಕದಲ್ಲಿಲ್ಲ. ನನ್ನ ಕಾಲದಲ್ಲಿ ಇರ್ಲಿಲ್ಲ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಹೊಸದು ಮಾಡಿದ್ದಾರೆ, ಅದೂ ಅವರಿಗೇ ಗೊತ್ತಿಲ್ಲದೆ." ಚೀಲದಿಂದ ಪೆನ್ಸಿಲ್ ತೆಗೆದು ಖಾಲಿ ಗೆರೆಯ ಮೇಲೆ 'ಇನ್ನೂರ ಹದಿಮೂರು' ಎಂದು ಬರೆದರು. "ಟೋಪಿ ಕೊಡಿ."

ಡಾಕ್ಟರು ತಡೆಯಲಾರದೆ ಹೇಳಿದರು, "ಮೇಡಂ, ಇದು ಬಗ್, ಗೇಮಿನ ದೋಷ! ಕಂಪನಿಯ ಸೃಷ್ಟಿ ಅಂತ ಹೇಗೆ ಅನ್ನೋದು?"

ಅಕ್ಕ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ಕೋರ್ಟಿನ ದನಿಯಲ್ಲಿ ಓದಿದಳು. "'ಒಂದೇ ಒಂದು ಹೊಸದು ಸಿಕ್ಕಿದ್ರೆ.' ಇಷ್ಟೇ ಇದೆ. ಒಳ್ಳೇದಿರಬೇಕು ಅಂತ ಇಬ್ಬರೂ ಹೇಳಿಲ್ಲ." ಆಮೇಲೆ ಮನೆಯ ದನಿಯಲ್ಲಿ, "ಬಾಯಿ ಮುಚ್ಕೊಂಡು ಇದ್ದಿದ್ರೆ ಆಗ್ತಿರ್ಲಿಲ್ವೇನೇ?" ಎಂದಳು.

"ಜಿಪ್ ಸಿಕ್ಕಿಹಾಕ್ಕೊಂಡ್ರೆ ಬಲಗಡೆ ಬುಟ್ಟಿಗೆ ಹಾಕೋಕಾಗಲ್ಲ ಕಣೇ."

ಭಾವ ಕಪಾಟು ತೆರೆದು ಟೋಪಿ ತಂದರು. ಆದರೆ ಗೆದ್ದವರು ತರುವ ಹಾಗೆ ತರಲಿಲ್ಲ, ಯಾರದೋ ಮನೆಯ ಪಾತ್ರೆ ವಾಪಸ್ ಕೊಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. ಟೋಪಿಯ ಹಿಂಭಾಗಕ್ಕೆ ಒಂದು ಪುಟ್ಟ ಜಿಪ್ಪಿತ್ತು. ಮೇಡಂ ಹಾಕಿಕೊಳ್ಳುವ ಮೊದಲು ಅದನ್ನು ಎಳೆದು ನೋಡಿದರು. ಎಂಟನೇ ಸಲಕ್ಕೆ ಸಿಕ್ಕಿಕೊಂಡಿತು.

"ಇದೂ ಅವರದೇ," ಎಂದು ತಲೆಗೇರಿಸಿಕೊಂಡರು.

ಮುಂದಿನ ಭಾನುವಾರ ಅವರು ಕೊಂಬು ಹೊತ್ತುಕೊಂಡು ಕೌಂಟರ್ ಹಿಂದೆ ನಿಂತಾಗ ಆದದ್ದೇ ಬೇರೆ. ಬಿಳಿಯ ಮೇಕೆಯ ಸುದ್ದಿ ಹೇಗೋ ಊರೆಲ್ಲಾ ಹಬ್ಬಿತ್ತು. ಎಲ್ಲರಿಗೂ ಒಂದೇ ಪ್ರಶ್ನೆ, ಆ ನಾಲ್ಕನೇ ಗೋಡೆ ಎಲ್ಲಿ? ಮೇಡಂ ಒಬ್ಬೊಬ್ಬರಿಗೂ ನಿಷ್ಠೆಯಿಂದ ಬುದ್ಧಿ ಹೇಳಿದರು. "ಅಲ್ಲಿಗೆ ಹೋಗಿ ಬಂದ್ಮೇಲೆ ಮಿಕ್ಕ ಹತ್ತು ಗಂಟೆ ಅದೇ ಹಳೇ ಪೇಟೆ ಸುತ್ತಬೇಕು. ಕಥೆ ಇಲ್ಲ. ಆರನೇ ಮೆಟ್ಟಿಲು ಕಾಲು ನುಂಗುತ್ತೆ. ಈ ಕಾಸಿಗೆ ಒಂದು ಒಳ್ಳೇ ದಿಂಬು ಬರುತ್ತೆ, ಎದುರುಗಡೆನೇ ಅಂಗಡಿ ಇದೆ, ಹೋಗಿ." ಗಿರಾಕಿಗಳು ನಕ್ಕರು, ಎರಡೆರಡು ಡಬ್ಬಿ ತೆಗೆದುಕೊಂಡರು, ಒಂದು ತಮಗೆ, ಒಂದು ಭಾಮೈದನಿಗೆ. ಮಧ್ಯಾಹ್ನದ ಹೊತ್ತಿಗೆ ಕಪಾಟು ಖಾಲಿ. ಮೇಡಂ ಆ ಖಾಲಿ ಕಪಾಟನ್ನು ನೋಡಿದ ರೀತಿಯಲ್ಲಿ ಯಾರೂ ಯಾವುದನ್ನೂ ನೋಡಬಾರದು.

"ಇಷ್ಟು ಬೈದ್ರೂ ತಗೋತಾರಲ್ಲ ಭಾವ. ಎಂಥಾ ಜನ!"

"ನಾಲ್ಕು ಭಾನುವಾರ ಆದ್ಮೇಲೂ ಬರ್ತೀಯಾ?" ಎಂದರು ಭಾವ, ತುಂಬಾ ಮರ್ಯಾದೆಯಿಂದ.

"ಸುಮ್ನಿರಿ."

ಹಲ್ಲಿನ ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಳಿಯಲ್ಲಿ ಮೇಕೆ ನಡೆಸುತ್ತಿದ್ದರು, ಟಕ್, ಟಕ್. ತಿರುಗದೆಯೇ ಕೇಳಿದರು, "ಇಷ್ಟು ಗೊತ್ತಿರೋ ನಿಮ್ಮನ್ನ ಆ ಕಂಪನಿ ಹೇಗೆ ಬಿಟ್ಟಿತು ಮೇಡಂ? ಯಾಕೆ ಬಿಟ್ರಿ?"

ಕರಾರಿನ ಪ್ರಕಾರ ಮೇಡಂ ಈಗ ಕುರ್ಚಿ ಎಂದು ಒಪ್ಪಿಕೊಳ್ಳಬೇಕು. ಬಾಯಿ ತೆರೆದರು ಕೂಡ. ಅವರಿಗಿಂತ ಮೊದಲು ಭಾವ, ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ, ತಲೆ ಎತ್ತದೆ ಹೇಳಿದರು.

"ಒಂದು ತೂತಿಗೆ ಬಿಟ್ಳು ಡಾಕ್ಟ್ರೇ. ನಲವತ್ತೊಂದನೇ ನಂಬರು."

ಕೌಂಟರಿನ ತುದಿಯಲ್ಲಿದ್ದ ಅಕ್ಕ ತಲೆ ಎತ್ತಿ ಗಂಡನನ್ನು ನೋಡಿದಳು. ಕರಾರಿನ ಆ ಕುರ್ಚಿಯ ಸಾಲನ್ನು ಓದಿ ಹೇಳುವ ಕೆಲಸ ಅವಳದು. ಓದಲಿಲ್ಲ.

ಇನ್ನೂರ ಹದಿಮೂರರ ವರದಿಯನ್ನು ಮೇಡಂ ಕಂಪನಿಗೆ ಕಳಿಸಿದ್ದರು, ಯಾರೂ ಕೇಳದಿದ್ದರೂ, ನಕ್ಷೆ ಸಮೇತ. ಮೂರನೇ ಭಾನುವಾರ ಫೋನಿಗೆ ಉತ್ತರ ಬಂತು. ಕನ್ನಡಕ ಏರಿಸಿಕೊಂಡು ಓದಿದರು. ಕೊಂಬುಗಳು ಸ್ವಲ್ಪ ಮುಂದಕ್ಕೆ ಬಾಗಿದವು.

"ಏನಂತೆ?" ಎಂದಳು ಅಕ್ಕ.

"ಅಗತ್ಯವಿಲ್ಲವಂತೆ."

ಫೋನನ್ನು ಚೀಲಕ್ಕೆ ಹಾಕಿ, ಜಿಪ್ಪನ್ನು ಒಂದೇ ಎಳೆತಕ್ಕೆ ಮುಚ್ಚಿ, ಸಾಲಿನಲ್ಲಿದ್ದ ಮುಂದಿನ ಗಿರಾಕಿಯ ಕಡೆ ತಿರುಗಿದರು. "ಹೂಂ, ನಿಮಗೂ ಇದೇ ಬೇಕಾ? ಸ್ವಲ್ಪ ದಿನ ತಡ್ಕೊಳ್ಳಿ. ಹನ್ನೆರಡನೇದರಲ್ಲಿ ಇದನ್ನೇ ಬಂಗಾರದ ಅಕ್ಷರದಲ್ಲಿ ಹಾಕಿ ಕೊಡ್ತಾರೆ."